ಬೀಗದ ಕೈ ಬೇಡ, ಗಡಿಯಾರ ನೋಡಿ

ಮಗುವಿಗೆ ಫಿಟ್ಸ್ ಬಂತೆಂದರೆ ಮನೆಮಂದಿಯೆಲ್ಲ ಏನಾದರೊಂದು ಮಾಡಲು ಓಡುತ್ತಾರೆ. ಒಬ್ಬರು ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಾರೆ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಮತ್ತೊಬ್ಬರು ಹಲ್ಲುಗಳ ನಡುವೆ ಚಮಚ ಇಡುತ್ತಾರೆ. ಎರಡು ಮೂರು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ, ಕಬ್ಬಿಣದಿಂದಲೇ ನಿಂತಿತೆಂದು ಎಲ್ಲರೂ ನಂಬುತ್ತಾರೆ. ಆದರೆ ಬಹುಪಾಲು ಸೆಳೆತಗಳು ಅಷ್ಟು ಹೊತ್ತಿನಲ್ಲಿ ತಾವಾಗಿಯೇ ನಿಲ್ಲುತ್ತವೆ, ಕೈಯಲ್ಲಿ ಏನಿದ್ದರೂ, ಇಲ್ಲದಿದ್ದರೂ.

ಕಬ್ಬಿಣದಿಂದ ಕೇಡೇನೂ ಇಲ್ಲ, ಹಿರಿಯರ ಸಮಾಧಾನಕ್ಕೆ ಇರಲಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದನ್ನು ಹುಡುಕುವ ಹೊತ್ತಿನಲ್ಲಿ ಮಗು ಅಂಗಾತ ಬಿದ್ದಿರುತ್ತದೆ, ಜೊಲ್ಲೋ ವಾಂತಿಯೋ ಉಸಿರುನಾಳಕ್ಕೆ ಇಳಿಯುತ್ತಿರುತ್ತದೆ. ಹುಟ್ಟುವಾಗಲೇ ಆಮ್ಲಜನಕದ ಕೊರತೆಯಾಗಿ ಮಿದುಳಿಗೆ ಪೆಟ್ಟು ಬಿದ್ದ ಮಗು, ಕತ್ತು ನಿಲ್ಲದ ಮಗು, ನುಂಗಲು ಕಷ್ಟಪಡುವ ಮಗು, ತಿಂಗಳಿಗೊಮ್ಮೆ ಎದೆ ಕಟ್ಟಿ ಆಸ್ಪತ್ರೆ ಸೇರುವ ಮಗು ಇದನ್ನು ತಡೆದುಕೊಳ್ಳಲಾರದು. ಇಂಥ ನಾಜೂಕು ಮಕ್ಕಳ ತಂದೆ ತಾಯಂದಿರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಗಟ್ಟಿಮುಟ್ಟಾದ ಮಗು ಸಹಿಸಿಕೊಳ್ಳುವ ಸಣ್ಣ ತಪ್ಪನ್ನು ಈ ಮಕ್ಕಳ ಮೈ ಸಹಿಸುವುದಿಲ್ಲ.

ಫಿಟ್ಸ್ ಬಂದಾಗ ನಾಲಿಗೆ ನುಂಗಿಬಿಡುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ನಾಲಿಗೆಯನ್ನು ನುಂಗಲು ಯಾರಿಂದಲೂ ಆಗದು. ಅದನ್ನು ಕಚ್ಚಿಕೊಳ್ಳಬಹುದು, ಆ ಗಾಯ ಮಾಯುತ್ತದೆ. ಚಮಚ ತುರುಕಿ ಮುರಿದ ಹಲ್ಲು ಉಸಿರುನಾಳಕ್ಕೆ ಹೋದರೆ ಮಾತ್ರ ದೊಡ್ಡ ಆಪತ್ತು. ಮಾಡಬೇಕಾದದ್ದು ಕಡಿಮೆ: ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ಕತ್ತಿನ ಬಳಿಯ ಬಟ್ಟೆ ಸಡಿಲಿಸಿ, ಬಾಯಿಗೆ ಏನೂ ಹಾಕದೆ, ಕೈಕಾಲುಗಳನ್ನು ಬಿಗಿಯಾಗಿ ಅದುಮಿ ಹಿಡಿಯದೆ, ಗಡಿಯಾರ ನೋಡಿ. ಸೆಳೆತ ಐದು ನಿಮಿಷ ದಾಟಿದರೆ ಅದು ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಇಂಥ ಹೊತ್ತಿಗೆಂದೇ ವೈದ್ಯರು ಮಿಡಜೋಲಾಮ್ ಎಂಬ ಮೂಗಿನ ಸ್ಪ್ರೇ ಬರೆದುಕೊಡುತ್ತಾರೆ. ಎಷ್ಟು ಸಲ ಒತ್ತಬೇಕೆಂಬುದು ಮಗುವಿನ ತೂಕದ ಮೇಲೆ ನಿಂತಿದೆ. ಕೊಟ್ಟ ಮೇಲೆ ಉಸಿರಾಟ ಗಮನಿಸುತ್ತಾ ಆಸ್ಪತ್ರೆಗೆ ಹೊರಡಬೇಕು. ಈ ಸ್ಪ್ರೇ ಮನೆಯಲ್ಲಿ ಇಲ್ಲದಿದ್ದರೆ ಮುಂದಿನ ಭೇಟಿಯಲ್ಲಿ ವೈದ್ಯರನ್ನು ಬಾಯಿಬಿಟ್ಟು ಕೇಳಿ.

ಇನ್ನೊಂದು ಬಗೆಯ ಸೆಳೆತವಿದೆ. ನೋಡಿದರೆ ಫಿಟ್ಸ್ ಎಂದು ಅನ್ನಿಸುವುದೇ ಇಲ್ಲ, ಅದಕ್ಕೇ ಅದು ಹೆಚ್ಚು ಮೋಸ ಮಾಡುತ್ತದೆ. ಐದಾರು ತಿಂಗಳ ಕೂಸು ನಿದ್ದೆಯಿಂದ ಎದ್ದ ಕೂಡಲೇ ತಲೆ ಮುಂದಕ್ಕೆ ಬಾಗಿಸಿ, ಎರಡೂ ಕೈ ಎತ್ತಿ, ಕಾಲು ಮಡಚಿ ಕ್ಷಣಮಾತ್ರ ಬಿಗಿಯಾಗುತ್ತದೆ. ಬಿಡುತ್ತದೆ. ಕೆಲವು ಸೆಕೆಂಡು ಬಿಟ್ಟು ಮತ್ತೆ ಹಾಗೆಯೇ, ಸಾಲಾಗಿ ಹತ್ತಿಪ್ಪತ್ತು ಸಲ. ‘ಬೆಚ್ಚಿ ಬೀಳುತ್ತಿದೆ’, ‘ಹೊಟ್ಟೆ ನುಲಿಯುತ್ತಿದೆ’, ‘ದೃಷ್ಟಿಯಾಗಿದೆ’, ‘ಬಾಲಗ್ರಹ’ ಎನ್ನುತ್ತಾರೆ ಮನೆಯವರು. ತಾಯಿತ ಕಟ್ಟಿಸುತ್ತಾರೆ, ಕೆಲವೆಡೆ ಹೊಟ್ಟೆಗೆ ಬರೆ ಹಾಕಿಸುತ್ತಾರೆ. ಆ ಸುಟ್ಟ ಗಾಯದಿಂದ ಸೋಂಕು ತಗುಲುವುದಲ್ಲದೆ ಬೇರೇನೂ ಆಗದು. ಇದು ಇನ್‌ಫ್ಯಾಂಟೈಲ್ ಸ್ಪಾಸಮ್ಸ್ ಎಂಬ ತೀವ್ರ ಅಪಸ್ಮಾರ. ಎಳೆಗೂಸುಗಳ ಸಹಜ ಬೆಚ್ಚುವಿಕೆ ಸದ್ದಿಗೋ ಅಲುಗಾಟಕ್ಕೋ ಬರುತ್ತದೆ, ನಾಲ್ಕರಿಂದ ಆರು ತಿಂಗಳೊಳಗೆ ಮಾಯವಾಗುತ್ತದೆ. ಈ ಸೆಳೆತ ಕಾರಣವಿಲ್ಲದೆ ಬರುತ್ತದೆ, ಸಾಲಾಗಿ ಬರುತ್ತದೆ. ಇದರ ಜೊತೆಗೇ ಕೂಸು ನಗುವುದನ್ನು, ಅಮ್ಮನ ಮುಖ ನೋಡುವುದನ್ನು ಮರೆಯತೊಡಗುತ್ತದೆ.

ಇದನ್ನು ಮೊದಲು ವಿವರವಾಗಿ ಬರೆದಿಟ್ಟವರು ಒಬ್ಬ ತಂದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ತಮ್ಮ ಕೂಸಿಗೆ ಬರುತ್ತಿದ್ದ ಈ ಬಾಗುವಿಕೆಯನ್ನು ದಿನದಿನವೂ ಗಮನಿಸಿ, ಯಾರಾದರೂ ದಾರಿ ತೋರಿಸಿಯಾರೆಂದು 1841ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದರು. ಆಗ ಔಷಧವಿರಲಿಲ್ಲ. ಈಗ ಸ್ಟೆರಾಯ್ಡ್, ಎಸಿಟಿಎಚ್ ಚುಚ್ಚುಮದ್ದು, ವಿಗಾಬಟ್ರಿನ್ ಇವೆ. ಆದರೆ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ನಷ್ಟ ಹೆಚ್ಚು. ಅನುಮಾನ ಬಂದ ದಿನವೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಮಕ್ಕಳ ನರರೋಗ ತಜ್ಞರಿಗೆ ತೋರಿಸಿ, ಮಿದುಳಿನ ಪರೀಕ್ಷೆಯಾದ ಇಇಜಿ ಮಾಡಿಸಿ. ವೈದ್ಯರ ಮುಂದೆ ಕೂಸು ಬಾಗದೇ ಇರಬಹುದು, ವಿಡಿಯೊ ಸಾಕ್ಷಿ ಹೇಳುತ್ತದೆ.

ರೋಗ ತಿಳಿದ ಮೇಲೆ ಮನೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ಯಾರಿಂದ ಬಂತು? ಗ್ರಹಣದಲ್ಲಿ ಹೊರಗೆ ಹೋದಳು, ಬಸುರಿಯಾಗಿದ್ದಾಗ ಅದು ತಿಂದಳು, ಅವಳ ತವರಿನಲ್ಲಿ ಯಾರಿಗೋ ಇತ್ತಂತೆ. ಈ ಮಾತುಗಳ ಭಾರ ಹೊತ್ತ ತಾಯಿಗೆ ನೇರವಾಗಿ ಹೇಳಬೇಕು: ನಿನ್ನ ತಪ್ಪಲ್ಲ ತಾಯಿ. ಹೆರಿಗೆಯ ವೇಳೆ ಉಸಿರುಗಟ್ಟುವಿಕೆ, ಹುಟ್ಟಿದ ಮೊದಲ ದಿನಗಳಲ್ಲಿ ರಕ್ತದ ಸಕ್ಕರೆ ಕುಸಿಯುವುದು, ಮಿದುಳಿನ ಸೋಂಕು, ಗರ್ಭದಲ್ಲೇ ಮಿದುಳಿನ ರಚನೆಯಲ್ಲಾದ ವ್ಯತ್ಯಾಸ, ಹೀಗೆ ಕಾರಣಗಳು ಹಲವು. ವಂಶವಾಹಿಯ ದೋಷವೆಂದಾಗಲೂ ಅದು ಎಷ್ಟೋ ಸಲ ತಂದೆಯಲ್ಲೂ ತಾಯಿಯಲ್ಲೂ ಇರದೆ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ.

ಡ್ರಾವೆ ಸಿಂಡ್ರೋಮ್ ಎಂಬ ಕಾಯಿಲೆ ಇದಕ್ಕೆ ಒಳ್ಳೆಯ ಉದಾಹರಣೆ. ಚೆನ್ನಾಗಿದ್ದ ಮಗುವಿಗೆ ಮೊದಲ ವರ್ಷದಲ್ಲೇ, ಅನೇಕ ವೇಳೆ ಲಸಿಕೆ ಹಾಕಿಸಿದ ಜ್ವರದಲ್ಲಿ, ದೀರ್ಘ ಸೆಳೆತ ಬರುತ್ತದೆ. ಸಹಜವಾಗಿಯೇ ದೂರು ಲಸಿಕೆಯ ಮೇಲೆ ಬೀಳುತ್ತದೆ. ಲಸಿಕೆಯಿಂದಲೇ ಮಿದುಳು ಹಾಳಾಯಿತೆಂದು ನಂಬಲಾಗಿದ್ದ 14 ಮಂದಿಯನ್ನು ಆಸ್ಟ್ರೇಲಿಯಾದ ಸ್ಯಾಮ್ಯುಯೆಲ್ ಬರ್ಕೋವಿಕ್ ಮತ್ತು ಸಂಗಡಿಗರು ಪರೀಕ್ಷಿಸಿ 2006ರಲ್ಲಿ ವರದಿ ಮಾಡಿದರು: 11 ಮಂದಿಯಲ್ಲಿ ಎಸ್‌ಸಿಎನ್1ಎ ಎಂಬ ವಂಶವಾಹಿಯ ದೋಷ ಮೊದಲಿಂದಲೇ ಇತ್ತು. ಜ್ವರ ಅದನ್ನು ಹೊರಗೆ ತೋರಿಸಿತ್ತು ಅಷ್ಟೆ. ಲಸಿಕೆ ತಪ್ಪಿಸಿದರೆ ಈ ಮಗುವಿಗೆ ದಡಾರ, ನಾಯಿಕೆಮ್ಮು ಬರಬಹುದು, ಅವು ಲಸಿಕೆಯ ಜ್ವರಕ್ಕಿಂತ ಕೆಟ್ಟವು. ಇನ್‌ಫ್ಯಾಂಟೈಲ್ ಸ್ಪಾಸಮ್ಸ್‌ಗೆ ಸ್ಟೆರಾಯ್ಡ್ ಚಿಕಿತ್ಸೆ ನಡೆಯುತ್ತಿರುವಾಗ ಕೆಲವು ಲಸಿಕೆಗಳನ್ನು ಮುಂದೂಡುವುದುಂಟು. ಅದನ್ನು ವೈದ್ಯರು ತೀರ್ಮಾನಿಸಲಿ.

ನಮ್ಮ ಬಚ್ಚಲುಮನೆಯ ಸಂಗತಿಯೂ ಇಲ್ಲಿ ಬರುತ್ತದೆ. ಹಂಡೆಯ ಸುಡುನೀರನ್ನು ತಂಬಿಗೆ ತಂಬಿಗೆಯಾಗಿ ನೆತ್ತಿಗೆ ಹುಯ್ದರೆ ಮಗು ಗಟ್ಟಿಯಾಗುತ್ತದೆ ಎಂಬುದು ದಕ್ಷಿಣ ಕರ್ನಾಟಕದ ಅಜ್ಜಿಯಂದಿರ ದೃಢ ನಂಬಿಕೆ. ಇದೇ ಪ್ರದೇಶ ‘ಬಿಸಿನೀರಿನ ಅಪಸ್ಮಾರ’ಕ್ಕೆ ಜಗತ್ತಿನ ವೈದ್ಯಲೋಕದಲ್ಲಿ ಹೆಸರಾಗಿದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ನಂತರ ನಿಮ್ಹಾನ್ಸ್ ವೈದ್ಯರು ಇದನ್ನು ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ತಲೆಗೆ ಬಿಸಿನೀರು ಬೀಳುತ್ತಿದ್ದಂತೆಯೇ ಕೆಲವರಿಗೆ ಸೆಳೆತ ಬರುತ್ತದೆ. ಡ್ರಾವೆ ಇರುವ ಮಕ್ಕಳಿಗೂ ಮೈ ಬಿಸಿಯೇರುವುದು ಆಗದು. ಸ್ನಾನ ನಿಲ್ಲಿಸಬೇಕಿಲ್ಲ. ಉಗುರು ಬೆಚ್ಚಗಿನ ನೀರು ಸಾಕು, ತಲೆಯನ್ನು ಬೇರೆಯಾಗಿ ಒದ್ದೆಬಟ್ಟೆಯಲ್ಲಿ ಒರೆಸಬಹುದು. ಅಷ್ಟಕ್ಕೂ ನಿಲ್ಲದಿದ್ದರೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಕೊಡುವ ಔಷಧವನ್ನು ವೈದ್ಯರು ಸೂಚಿಸುತ್ತಾರೆ.

ಸ್ನಾನದ ನಂತರದ ಉಪಚಾರವನ್ನೂ ನೋಡಿಕೊಳ್ಳಿ. ನೆಗಡಿಯಾದ ಕೂಸಿನ ಎದೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ತಿಕ್ಕುವುದು, ದಿಂಬಿಗೆ ನೀಲಗಿರಿ ಎಣ್ಣೆ ಹನಿಸುವುದು ನಮ್ಮಲ್ಲಿ ಮನೆಮನೆಯ ರೂಢಿ. ಕರ್ಪೂರ ಹೊಟ್ಟೆಗೆ ಹೋದರೆ ಆರೋಗ್ಯವಂತ ಮಗುವಿಗೂ ಸೆಳೆತ ಬರಿಸಬಲ್ಲದು. ನೀಲಗಿರಿ ಎಣ್ಣೆಯ ವಾಸನೆಯಿಂದಲೇ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ದಾಖಲಿಸಿದ್ದಾರೆ. ಅಪಸ್ಮಾರವಿರುವ ಮಗುವಿನ ಮನೆಯಲ್ಲಿ ಇವೆರಡೂ ಮಗುವಿನಿಂದ ದೂರವಿರಲಿ, ನೋವಿನ ಮುಲಾಮುಗಳಲ್ಲಿ ಇರುವುದೂ ಸೇರಿದಂತೆ.

ಊಟದ ವಿಷಯ ತಾಯಂದಿರನ್ನು ಬಹಳ ಅಳಿಸುತ್ತದೆ. ಮೂಗಿನಿಂದಲೋ ಹೊಟ್ಟೆಗೇ ಸಣ್ಣ ರಂಧ್ರ ಮಾಡಿಯೋ ಕೊಳವೆ ಹಾಕಬೇಕೆಂದು ವೈದ್ಯರು ಹೇಳಿದರೆ ‘ಇನ್ನು ಮಗು ಉಳಿಯುವುದಿಲ್ಲ’ ಎಂದೇ ಮನೆಯವರು ತಿಳಿಯುತ್ತಾರೆ. ಅಂಗಾತ ಮಲಗಿಸಿ, ಮೂಗು ಹಿಡಿದು, ಒಳಲೆಯಲ್ಲಿ ರಾಗಿ ಸರಿ ಹುಯ್ಯುವುದನ್ನೇ ಪ್ರೀತಿ ಎಂದುಕೊಳ್ಳುತ್ತಾರೆ. ನುಂಗುವ ಸ್ನಾಯುಗಳು ಸೋತ ಮಗುವಿಗೆ ಆ ಸರಿ ಕೆಮ್ಮೂ ಬಾರದಂತೆ ಶ್ವಾಸಕೋಶಕ್ಕೆ ಇಳಿಯಬಹುದು. ಮತ್ತೆ ಮತ್ತೆ ನ್ಯುಮೋನಿಯಾ, ಜ್ವರ, ಅದರ ಬೆನ್ನಿಗೇ ಸೆಳೆತ. ಕೊಳವೆಯಿಂದ ಮಗುವಿನ ತೂಕ ಏರುತ್ತದೆ, ಔಷಧ ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರುತ್ತದೆ. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಒಪ್ಪಿದರೆ ನಾಲಿಗೆಗೆ ರುಚಿ ತೋರಿಸುವುದನ್ನೂ ಮುಂದುವರಿಸಬಹುದು. ಆದರೆ ಸೆಳೆತ ನಿಂತ ಮೇಲೆ, ಬಾಯಿಂದ ತಿನ್ನುವ ಮಗುವೇ ಆಗಲಿ, ಪೂರ್ತಿ ಎಚ್ಚರವಾಗುವ ತನಕ ಒಂದು ಹನಿ ನೀರೂ ಬೇಡ.

ಔಷಧದಿಂದ ಬುದ್ಧಿ ಮಂಕಾಗುತ್ತದೆ ಎಂಬ ಮಾತಿನಲ್ಲಿ ಒಂದು ಪಾಲು ನಿಜವಿದೆ. ಫೆನೋಬಾರ್ಬಿಟೋನ್‌ನಂಥ ಕೆಲವು ಔಷಧಗಳು ಮಗುವನ್ನು ತೂಕಡಿಸುವಂತೆಯೋ ಚಡಪಡಿಸುವಂತೆಯೋ ಮಾಡುತ್ತವೆ. ಅದನ್ನು ವೈದ್ಯರಿಗೆ ಹೇಳಿ, ಬೇರೆ ಔಷಧವಿದೆ. ತಾವೇ ನಿಲ್ಲಿಸುವುದು ಮಾತ್ರ ಅಪಾಯ. ಥಟ್ಟನೆ ಬಿಟ್ಟ ಔಷಧ ನಿಲ್ಲದ ಸೆಳೆತವನ್ನು ತರಬಲ್ಲದು. ಸಾಮಾನ್ಯವಾಗಿ ಎರಡು ವರ್ಷವಾದರೂ ಫಿಟ್ಸ್ ಬಾರದಿದ್ದ ಮೇಲೆಯೇ ನಿಧಾನವಾಗಿ ಇಳಿಸುವ ಯೋಚನೆ. ಅಂಗಡಿಯವರು ಬೇರೆ ಕಂಪನಿಯ ಸಿರಪ್ ಕೊಟ್ಟರೆ ಒಂದು ಎಂಎಲ್‌ನಲ್ಲಿ ಎಷ್ಟು ಮಿಲಿಗ್ರಾಂ ಇದೆ ಎಂದು ಓದಿ ನೋಡಿ. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಸೂಜಿಯಿಲ್ಲದ ಸಿರಿಂಜ್ ಬಳಸಿ. ನಿಧಾನವಾಗಿ ಕರಗುವ ಬಗೆಯ ಮಾತ್ರೆಗಳನ್ನು ಪುಡಿಮಾಡಿ ಕೊಳವೆಗೆ ಹಾಕಬಾರದು.

ಕೊನೆಯದಾಗಿ, ‘ಈ ಮಗುವನ್ನು ತಾಯಿಯ ಹೊರತು ಯಾರೂ ನೋಡಿಕೊಳ್ಳಲಾರರು’ ಎಂಬ ನಂಬಿಕೆ. ಹೊಗಳಿಕೆಯ ಹಾಗೆ ಕೇಳಿಸುವ ಈ ಮಾತು ಒಬ್ಬ ಹೆಣ್ಣುಮಗಳ ನಿದ್ದೆ, ಊಟ, ಆರೋಗ್ಯ ಎಲ್ಲವನ್ನೂ ಕಿತ್ತುಕೊಳ್ಳುತ್ತದೆ. ಮಗ್ಗುಲಿಗೆ ಹೊರಳಿಸುವುದನ್ನು, ಗಡಿಯಾರ ನೋಡುವುದನ್ನು, ಸ್ಪ್ರೇ ಒತ್ತುವುದನ್ನು ಅಪ್ಪ, ಅಜ್ಜಿ, ಚಿಕ್ಕಪ್ಪ, ಅಂಗನವಾಡಿ ಕಾರ್ಯಕರ್ತೆ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಮಗುವಿನ ಹೆಸರು, ಇಂದಿನ ತೂಕ, ಔಷಧಗಳು ಮತ್ತು ಅವುಗಳ ಹೊತ್ತು, ಕೊಡಲೇಬಾರದ ಔಷಧ, ಎಷ್ಟು ನಿಮಿಷಕ್ಕೆ ಎಷ್ಟು ಸ್ಪ್ರೇ, 108 ಮತ್ತು ಹತ್ತಿರದ ಆಸ್ಪತ್ರೆಯ ಸಂಖ್ಯೆ. ಮಗುವಿನ ತೂಕ ಹೆಚ್ಚಿದಾಗಲೆಲ್ಲ ವೈದ್ಯರನ್ನು ಕೇಳಿ ಹಾಳೆಯನ್ನು ಹೊಸದಾಗಿ ಬರೆಯಿರಿ. ಹಳೆಯ ತೂಕಕ್ಕೆ ಬರೆದ ಡೋಸ್ ಬೆಳೆದ ಮಗುವಿನ ಸೆಳೆತವನ್ನು ನಿಲ್ಲಿಸದೇ ಹೋಗಬಹುದು.