ಕೆಡುಕಿಗೆ ಗುರುತು ಹಚ್ಚುವ ಔಷಧ

ದೇಹವನ್ನೇ ದೇಗುಲವೆಂದು ಕಾಣುವ ದೃಷ್ಟಿಯನ್ನು ಶರಣರು ನಮಗಿತ್ತಿದ್ದಾರೆ. ಆದರೆ ಆ ದೇಗುಲದೊಳಗೆ ಹಗಲಿರುಳು ನಡೆದಿರುವ ಶುಚಿಕಾರ್ಯವನ್ನು ಬಲ್ಲವರು ನಮ್ಮಲ್ಲಿ ವಿರಳ. ಕ್ಯಾನ್ಸರ್ ಚಿಕಿತ್ಸೆಗೆ ಈ ಶುಚಿಕಾರ್ಯವನ್ನೇ ಬಳಸಿಕೊಳ್ಳುವ ಪ್ರಯತ್ನವೊಂದು ಇಂದು ವಿಜ್ಞಾನಲೋಕದಲ್ಲಿ ನಡೆದಿದೆ. ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆಯೆಂಬುದು ಹೆಮ್ಮೆಯ ಸಂಗತಿ.

ಶಿರಸಿ ಸೀಮೆಯ ಹುಲಗೋಳದಂತಹ ಊರುಗಳ ತೋಟಿಗರಿಗೆ ಇದನ್ನು ತಿಳಿಸುವುದು ಕಠಿಣವಲ್ಲ. ಬೆಟ್ಟದ ಸೊಪ್ಪು, ದರಕು ಗೊಬ್ಬರಗುಂಡಿಯಲ್ಲಿ ಕಳಿತು ಮರಳಿ ಅಡಿಕೆಮರದ ಬುಡವನ್ನು ಸೇರುತ್ತವೆ. ನಮ್ಮ ಜೀವಕೋಶದಲ್ಲಿಯೂ ಅಂತಹುದೇ ಏರ್ಪಾಡುಂಟು. ಕೋಶದ ಕಾಯಕವನ್ನೆಲ್ಲ ನಡೆಸುವವು ಪ್ರೋಟೀನುಗಳು. ಕೆಲಸ ಮುಗಿದ ಅಥವಾ ಕೆಟ್ಟುಹೋದ ಪ್ರೋಟೀನಿಗೆ ಕೋಶವು 'ಯುಬಿಕ್ವಿಟಿನ್' ಎಂಬ, 76 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು ಅಂಟಿಸುತ್ತದೆ. ಕಡಿಯಬೇಕಾದ ಮರಕ್ಕೆ ಗುರುತು ಹಾಕಿದಂತೆ ಇದು. ಗುರುತು ಬಿದ್ದುದನ್ನು 'ಪ್ರೋಟಿಯಸೋಮ್' ಎಂಬ ಯಂತ್ರ ತುಂಡರಿಸುತ್ತದೆ. ಆ ತುಣುಕುಗಳು ಹೊಸ ಪ್ರೋಟೀನಿಗೆ ಸಾಮಗ್ರಿಯಾಗುತ್ತವೆ. ಈ ರಹಸ್ಯವನ್ನು ಬಿಡಿಸಿದ ಚೀಹನೋವರ್, ಹರ್ಷ್‌ಕೊ ಮತ್ತು ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು.

ಕ್ಯಾನ್ಸರಿನಲ್ಲಿ ಕೆಲವು ಪ್ರೋಟೀನುಗಳು ಅಂಕೆ ಮೀರಿ, ಕೋಶಗಳನ್ನು ಎಡೆಬಿಡದೆ ಬೆಳೆಸುತ್ತವೆ. ಇಂತಹ ಪ್ರೋಟೀನಿನ ಸಂದಿನಲ್ಲಿ ಕುಳಿತು ಅದರ ಕೆಲಸವನ್ನು ತಡೆಯುವುದು ಅನೇಕ ಔಷಧಗಳ ಕ್ರಮ. ಆದರೆ ಎಷ್ಟೋ ಪ್ರೋಟೀನುಗಳಲ್ಲಿ ಹಾಗೆ ಕೂರಲು ತಕ್ಕ ಸಂದೇ ಇಲ್ಲ. ಹೊಸ ಬಗೆಯ ಔಷಧಕ್ಕೆ ಎರಡು ಕೈಗಳು. ಒಂದು ಕೈ ಕೆಡುಕಿನ ಪ್ರೋಟೀನನ್ನು ಹಿಡಿದರೆ, ಇನ್ನೊಂದು ಗುರುತು ಹಚ್ಚುವ ಕಿಣ್ವವನ್ನು ಹತ್ತಿರಕ್ಕೆಳೆಯುತ್ತದೆ. ಗುರುತು ಬಿದ್ದೊಡನೆ ಔಷಧದ ಅಣು ಬಿಡುಗಡೆಯಾಗಿ ಮತ್ತೊಂದು ಪ್ರೋಟೀನಿನತ್ತ ಸಾಗುತ್ತದೆ. ಈ ಉಪಾಯವನ್ನು ಅಮೆರಿಕದ ಕ್ರೇಗ್ ಕ್ರೂಸ್, ರೇಮಂಡ್ ಡೆಶೇಸ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿಕೊಟ್ಟರು.

ಇದರ ಹಿಂದೆ ನೋವಿನ ಕಥೆಯೊಂದಿದೆ. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು ಗರ್ಭಿಣಿಯರು ಸೇವಿಸಿದ್ದರಿಂದ ಸಾವಿರಾರು ಶಿಶುಗಳು ಅಂಗವೈಕಲ್ಯದಿಂದ ಜನಿಸಿದವು. 1961ರಲ್ಲಿ ಅಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಮದ್ದು ಮಜ್ಜೆಯ ಕ್ಯಾನ್ಸರಾದ ಮೈಲೋಮಕ್ಕೆ ಉಪಯುಕ್ತವೆಂದು 1999ರಲ್ಲಿ ತಿಳಿಯಿತು. ಅದು ಗುರುತು ಹಚ್ಚುವ ವ್ಯವಸ್ಥೆಯ 'ಸೆರೆಬ್ಲಾನ್' ಎಂಬ ಪ್ರೋಟೀನಿಗೆ ಅಂಟಿಕೊಳ್ಳುವುದನ್ನು 2010ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ವಿಷವೆನಿಸಿದ್ದು ಹೀಗೆ ಪಾಠವಾಯಿತು. ಆದರೂ ಗರ್ಭಿಣಿಯರಿಗೆ ಅದು ಇಂದಿಗೂ ನಿಷಿದ್ಧವೇ.

ಬೆಂಗಳೂರಿನ ಆರಿಜೀನ್ ಸಂಸ್ಥೆಯ ಮುರಳಿ ರಾಮಚಂದ್ರ, ಸುಶಾಂತ ಸಮಾಜದಾರ್ ಮೊದಲಾದವರು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡದೊಡನೆ ಈ ಮಾರ್ಗದಲ್ಲಿ ದುಡಿದಿದ್ದಾರೆ. ಅವರ 'ಎಯು-15330' ಎಂಬ ಅಣು, ವಂಶವಾಹಿಗಳನ್ನು ತೆರೆದಿಡಲು ನೆರವಾಗುವ ಪ್ರೋಟೀನುಗಳನ್ನು ನಾಶಗೊಳಿಸಿ, ಇಲಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿಯ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ಇದು 2022ರ 'ನೇಚರ್' ಪತ್ರಿಕೆಯ ಸಂಪುಟದಲ್ಲಿ ಪ್ರಕಟವಾಯಿತು. ಬಾಯಿಯ ಮೂಲಕ ಸೇವಿಸಬಹುದಾದ 'ಎಯು-24118' ಕುರಿತ ಪ್ರಬಂಧ 2024ರಲ್ಲಿ ಹೊರಬಂದಿತು. ಇಲಿಯಲ್ಲಿ ಕಂಡ ಗುಣವು ಮನುಷ್ಯನಲ್ಲಿಯೂ ಕಾಣಬೇಕಾದರೆ ದೀರ್ಘ ಪರೀಕ್ಷೆಗಳು ಬೇಕು. ಆದುದರಿಂದ ಈ ಸುದ್ದಿಯನ್ನು ನೆಚ್ಚಿ ಯಾರೂ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬಾರದು.

ಸಂಶೋಧಕರ ಕಾಯಕ ಅವರದು. ನಮ್ಮ ಪಾಲಿನದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರ ವರದಿಯಲ್ಲಿ ಸಾರಿದೆ. ಅಡಿಕೆಯಿಂದಲೇ ಅನ್ನ ಕಾಣುವ ಮನೆಗಳಿಗೆ ಇದು ನುಂಗಲಾರದ ಮಾತು, ನಾವು ಬಲ್ಲೆವು. ಆದರೂ ಬೆಳೆಯ ಮೇಲಿನ ಅಭಿಮಾನ ಮಕ್ಕಳ ಬಾಯಿಗಿಂತ ದೊಡ್ಡದಲ್ಲ. ಕವಳ, ಗುಟಖಾಗಳಿಂದ ಎಳೆಯರನ್ನು ದೂರವಿಡೋಣ. ಎರಡು ಮೂರು ವಾರಗಳಲ್ಲಿ ಮಾಯದ ಬಾಯಿಹುಣ್ಣು, ಬಿಳಿ ಮಚ್ಚೆ, ಎದೆಯ ಗಂಟು ಕಂಡರೆ ಸಂಕೋಚಪಟ್ಟು ಮುಚ್ಚಿಡದೆ ವೈದ್ಯರಲ್ಲಿಗೆ ಹೋಗೋಣ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿದೆ.

ರೋಗವು ಪಾಪದ ಫಲವಲ್ಲ, ರೋಗಿಯು ದೂರವಿಡತಕ್ಕವನಲ್ಲ. ಅವನ ಮನೆಗೆ ಹೋಗಿ ಧೈರ್ಯ ಹೇಳುವುದೂ, ಆಸ್ಪತ್ರೆಗೆ ಜೊತೆಗೊಡುವುದೂ ದಾಸೋಹವೇ ಸರಿ.