ಮೊದಲ ಕಂಪನಿ ಮುಚ್ಚಿತು, ಎರಡನೆಯದು ಬೆಳೆಯಿತು

ನೌಕರಿ ತೊರೆದು ಸ್ವಂತ ಕಂಪನಿ ಕಟ್ಟುವ ಹಂಬಲ ಸಾಫ್ಟ್‌ವೇರ್ ಯುವಕರಿಗೆ ಹೊಸದಲ್ಲ. ಶಿಡ್ಲಘಟ್ಟದಲ್ಲಿ ಜನಿಸಿದ ಎನ್. ಆರ್. ನಾರಾಯಣಮೂರ್ತಿ ಮೈಸೂರಿನ ಎನ್‌ಐಇ, ಕಾನ್ಪುರದ ಐಐಟಿಗಳಲ್ಲಿ ಓದಿ, ಅಹಮದಾಬಾದಿನ ಐಐಎಂನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದರು. ಎಪ್ಪತ್ತರ ದಶಕದಲ್ಲಿ ಅವರು ಸ್ಥಾಪಿಸಿದ ಸಾಫ್ಟ್‌ರಾನಿಕ್ಸ್ ಹೆಚ್ಚು ಕಾಲ ಬಾಳಲಿಲ್ಲ. ಕಂಪ್ಯೂಟರುಗಳೇ ವಿರಳವಾಗಿದ್ದ ಅಂದಿನ ಭಾರತದಲ್ಲಿ ಸಾಫ್ಟ್‌ವೇರ್ ಕೊಳ್ಳುವವರೇ ಇರಲಿಲ್ಲ.

ಮೂರ್ತಿಯವರು ಪಟ್ನಿ ಕಂಪ್ಯೂಟರ್ ಸಿಸ್ಟಮ್ಸ್ ಸಂಸ್ಥೆಯಲ್ಲಿ ಮತ್ತೆ ನೌಕರಿ ಹಿಡಿದರು. 1981ರಲ್ಲಿ ಆರು ಮಂದಿ ಸಹೋದ್ಯೋಗಿಗಳೊಡನೆ ಪುಣೆಯಲ್ಲಿ ಇನ್ಫೋಸಿಸ್ ಆರಂಭಿಸಿದಾಗ ಪತ್ನಿ ಸುಧಾ ಮೂರ್ತಿ ನೀಡಿದ 10,000 ರೂಪಾಯಿಯೇ ಮೂಲ ಬಂಡವಾಳ. ಈ ಬಾರಿ ಗ್ರಾಹಕರನ್ನು ಹುಡುಕಿದ್ದು ವಿದೇಶದಲ್ಲಿ. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು.

ಎರಡೂ ಕಂಪನಿಗಳ ಹಿಂದಿದ್ದ ಹಂಬಲ ಒಂದೇ, ಬದಲಾದದ್ದು ಮಾರುಕಟ್ಟೆ. ನೌಕರಿಗೆ ರಾಜೀನಾಮೆ ಬರೆಯುವ ಮುನ್ನ ಕೊಳ್ಳುವವರು ಯಾರೆಂದು ಅರಿತಿರುವುದು ಲೇಸು.