ಆರು ಮಟ್ಟು, ಒಂದು ಋಣ

1978ರ ಜೂನ್ 18. ಅಮೆರಿಕ ಅಧ್ಯಕ್ಷರ ನಿವಾಸವಾದ ಶ್ವೇತಭವನದ ಹುಲ್ಲುಹಾಸಿನ ಮೇಲೆ ಜಾಸ್ ಸಂಗೀತಗಾರರ ದೊಡ್ಡ ಕೂಟ ಸೇರಿತ್ತು. ಗಾಲಿಕುರ್ಚಿಯಲ್ಲಿ ಕುಳಿತಿದ್ದ, ಭಾರಿ ಮೈಕಟ್ಟಿನ ಕಪ್ಪುವರ್ಣೀಯ ಕಲಾವಿದರೊಬ್ಬರ ಹೆಸರು ಹೇಳಿದ್ದೇ ತಡ, ನೆರೆದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು. ತಾವು ಎದ್ದುನಿಲ್ಲಲಾಗದ ಆ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಹತ್ತಿರ ಬಂದು ಅವರನ್ನು ಸಂತೈಸಿದರು.

ಅವರೇ ಚಾರ್ಲ್ಸ್ ಮಿಂಗಸ್. ಆಳೆತ್ತರದ ತಂತಿವಾದ್ಯ ಡಬಲ್ ಬೇಸ್ ನುಡಿಸುವುದರಲ್ಲಿ ಎತ್ತಿದ ಕೈ. ಜಾಸ್ ಕಂಡ ದೊಡ್ಡ ಸಂಯೋಜಕರಲ್ಲಿ ಒಬ್ಬರು. ಮುಂಗೋಪಕ್ಕೂ ಅಷ್ಟೇ ಹೆಸರುವಾಸಿ. 1977ರ ಕೊನೆಯ ವೇಳೆಗೆ ಅವರಿಗೆ ಎ.ಎಲ್.ಎಸ್. ಕಾಯಿಲೆ ಇರುವುದು ಗೊತ್ತಾಯಿತು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಒಂದೊಂದಾಗಿ ಸಾಯುವ, ಮದ್ದಿಲ್ಲದ ರೋಗ ಅದು. ತಂತಿ ಮೀಟುತ್ತಿದ್ದ ಬೆರಳುಗಳು ಸೋತವು. ಆದರೆ ತಲೆಯೊಳಗೆ ಹುಟ್ಟುವ ಸಂಗೀತ ನಿಂತಿರಲಿಲ್ಲ. ಟೇಪ್ ರೆಕಾರ್ಡರ್ ಎದುರು ಗುನುಗಿ ಅದನ್ನು ಉಳಿಸಿಡುತ್ತಿದ್ದರು.

ಆ ಸಂಗೀತದ ಒಂದು ಪಾಲನ್ನು ಅವರು ಒಪ್ಪಿಸಿದ್ದು ಜಾಸ್ ಬಳಗದ ಹಳೆಯ ಗೆಳೆಯರಿಗಲ್ಲ. ಗಿಟಾರ್ ಹಿಡಿದು ಸ್ವಂತ ಹಾಡು ಹಾಡುತ್ತಿದ್ದ, ತಮಗಿಂತ 21 ವರ್ಷ ಚಿಕ್ಕವರಾದ, ಕೆನಡಾದ ಜೋನಿ ಮಿಚೆಲ್‌ಗೆ!

ತಪ್ಪು ಹುಡುಕಿದ್ದೇ ಪರಿಚಯ

ಜೋನಿ ಹುಟ್ಟಿದ್ದು 1943ರಲ್ಲಿ, ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿ ಎಡಗೈ ದುರ್ಬಲವಾಯಿತು. ಗಿಟಾರಿನ ಮಾಮೂಲಿ ಸ್ವರಕಟ್ಟುಗಳನ್ನು ಹಿಡಿಯುವುದು ಕಷ್ಟವಾದಾಗ ತಂತಿಗಳನ್ನೇ ತಮಗೆ ಬೇಕಾದಂತೆ ಶ್ರುತಿ ಮಾಡಿಕೊಂಡರು. ಆ ವಿಚಿತ್ರ ಶ್ರುತಿಗಳಿಂದಲೇ ಅವರ ಹಾಡುಗಳಿಗೆ ಬೇರೆ ಯಾರಲ್ಲೂ ಇಲ್ಲದ ಬಣ್ಣ ಬಂತು. 1971ರ ‘ಬ್ಲೂ’, 1974ರ ‘ಕೋರ್ಟ್ ಅಂಡ್ ಸ್ಪಾರ್ಕ್’ ಆಲ್ಬಂಗಳು ಅವರನ್ನು ಮನೆಮಾತಾಗಿಸಿದವು. ಆಮೇಲೆ ಅವರ ಮನಸ್ಸು ಜಾನಪದದ ದಾರಿ ಬಿಟ್ಟು ಜಾಸ್‌ನತ್ತ ಹೊರಳಿತ್ತು.

ಅವರ 1977ರ ಆಲ್ಬಂ ‘ಡಾನ್ ಹ್ವಾನ್ಸ್ ರೆಕ್‌ಲೆಸ್ ಡಾಟರ್’ ಮಿಂಗಸ್ ಕಿವಿಗೆ ಬಿತ್ತು. ಅದರಲ್ಲಿ ಸುಮಾರು 16 ನಿಮಿಷಗಳ ‘ಪ್ಯಾಪ್ರಿಕಾ ಪ್ಲೇನ್ಸ್’ ಎಂಬ ರಚನೆಯಿದೆ. ಇಬ್ಬರೂ ಭೇಟಿಯಾದಾಗ ಮಿಂಗಸ್ ಹೇಳಿದ ಮೊದಲ ಮಾತೇ, ಅದರ ಪಿಟೀಲು ಮೇಳ ಅಪಶ್ರುತಿಯಾಗಿದೆ ಎಂಬುದು. ಮಾತು ನಿಜವಾಗಿತ್ತು. ಪಿಯಾನೊ ಭಾಗಗಳನ್ನು ಬೇರೆ ಬೇರೆ ದಿನ ಧ್ವನಿಮುದ್ರಿಸಿದ್ದರಿಂದ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿದಿತ್ತು. ಉಳಿದವರು ಗಮನಿಸದ ತಪ್ಪನ್ನು ಹಿಡಿದ ಈ ಹಿರಿಯರ ಬಗ್ಗೆ ಜೋನಿಗೆ ಸಿಟ್ಟು ಬರಲಿಲ್ಲ, ಪ್ರೀತಿ ಹುಟ್ಟಿತು.

ಕವಿ ಟಿ.ಎಸ್. ಎಲಿಯಟ್ ಅವರ ‘ಫೋರ್ ಕ್ವಾರ್ಟೆಟ್ಸ್’ ಕಾವ್ಯವನ್ನು ಸಂಕ್ಷೇಪಿಸಿ ಸಂಗೀತಕ್ಕೆ ಅಳವಡಿಸಬೇಕೆಂಬುದು ಮಿಂಗಸ್ ಅವರ ಮೊದಲ ಯೋಜನೆ. ಜೋನಿ ಓದಿ ನೋಡಿದರು. ಇದಕ್ಕಿಂತ ಬೈಬಲ್ಲನ್ನು ಸಂಕ್ಷೇಪಿಸುವುದೇ ಸುಲಭವೆಂದು ಕೈಚೆಲ್ಲಿದರು. ಮಿಂಗಸ್ ಬಿಡಲಿಲ್ಲ. ಆರು ಹೊಸ ಮಟ್ಟುಗಳನ್ನು ಕಟ್ಟಿ, ಜೋನಿ ಒಂದು, ಜೋನಿ ಎರಡು ಎಂದು ಆಕೆಯ ಹೆಸರನ್ನೇ ಇಟ್ಟು ಕೊಟ್ಟರು. ಸಾಹಿತ್ಯ ಬರೆದು ಹಾಡುವುದು ಆಕೆಯ ಪಾಲು.

ಅವುಗಳಲ್ಲಿ ಒಂದು ಮಟ್ಟಿನ ಭಾವವೇನೆಂದು ಜೋನಿ ಕೇಳಿದಾಗ, ತಾನು ಹೋದ ಮೇಲೆ ತನಗೆ ಸಿಗದೇ ಹೋಗುವ ಸಂಗತಿಗಳ ಬಗ್ಗೆ ಎಂದರಂತೆ ಮಿಂಗಸ್. ನ್ಯೂಯಾರ್ಕಿನ ಬಹುಮಹಡಿ ಕಟ್ಟಡದ ಎತ್ತರದ ಕಿಟಕಿಯ ಬಳಿ ಕುಳಿತ ರೋಗಿಯೊಬ್ಬನ ಮನಸ್ಸನ್ನು ಹೊಕ್ಕು ಜೋನಿ ಬರೆದ ‘ಎ ಚೇರ್ ಇನ್ ದ ಸ್ಕೈ’ ಹುಟ್ಟಿದ್ದು ಹೀಗೆ.

ಟೊಪ್ಪಿಯ ಹಾಡು

ಹೊಸ ಮಟ್ಟುಗಳ ಜೊತೆಗೆ ಹಳೆಯದೊಂದೂ ಇತ್ತು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ 1959ರ ಮಾರ್ಚಿನಲ್ಲಿ ತೀರಿಕೊಂಡಾಗ, ಅವರು ಸದಾ ತೊಡುತ್ತಿದ್ದ ಚಪ್ಪಟೆ ಟೊಪ್ಪಿಗೆಯನ್ನು ನೆನೆದು ಮಿಂಗಸ್ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ರಚಿಸಿದ್ದರು. ಇದಕ್ಕೆ ಮಾತು ಕೂಡಿಸುವುದು ಜೋನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಲೆಸ್ಟರ್ ಯಂಗ್ ಅವರನ್ನು ಬಲ್ಲವರು ಮಿಂಗಸ್, ಜೋನಿಯಲ್ಲ. ಕಪ್ಪು ಕಲಾವಿದ ಬಿಳಿಯ ಹೆಂಗಸನ್ನು ಮದುವೆಯಾದರೆ ಆ ಕಾಲದ ಅಮೆರಿಕದಲ್ಲಿ ಏನೇನು ಅನುಭವಿಸಬೇಕಿತ್ತೆಂಬುದನ್ನು ಅವರು ಕೇಳಿ ತಿಳಿಯಬೇಕಾಯಿತು. ಕೊನೆಯ ನುಡಿ ಮಾತ್ರ ಎಷ್ಟು ದಿನ ಕಳೆದರೂ ಹೊಳೆಯಲಿಲ್ಲ.

ಒಂದು ರಾತ್ರಿ ನ್ಯೂಯಾರ್ಕಿನ ನೆಲದಡಿಯ ರೈಲಿನಿಂದ ಇಳಿದು ಮೇಲೆ ಬಂದಾಗ, ರಸ್ತೆ ಬದಿ ಜನ ಗುಂಪುಗೂಡಿದ್ದರು. ನಡುವೆ ಇಬ್ಬರು ಕಪ್ಪು ಹುಡುಗರು ಕುಣಿಯುತ್ತಿದ್ದರು. ಪಕ್ಕದ ಬಾರಿನ ಫಲಕ ನೋಡಿದರೆ ‘ಪೋರ್ಕ್ ಪೈ ಹ್ಯಾಟ್’! ಒಳಗೆ ಗೋಡೆಯ ಮೇಲೆ ಲೆಸ್ಟರ್ ಯಂಗ್ ಅವರ ಚಿತ್ರಗಳು. ಹುಡುಕುತ್ತಿದ್ದ ಕೊನೆಯ ನುಡಿ ಕಣ್ಣೆದುರೇ ಕುಣಿಯುತ್ತಿತ್ತು.

ಎರಡು ದಿನ ತಡ

ಧ್ವನಿಮುದ್ರಣವೂ ಸಲೀಸಾಗಿ ನಡೆಯಲಿಲ್ಲ. ಗೆರಿ ಮಲಿಗನ್, ಫಿಲ್ ವುಡ್ಸ್, ‘ಶಕ್ತಿ’ ತಂಡದಿಂದ ಭಾರತೀಯರಿಗೆ ಪರಿಚಿತರಾದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಮೊದಲಾದ ಘಟಾನುಘಟಿಗಳೊಡನೆ ಪ್ರಯೋಗ ನಡೆಸಿದರೂ ಜೋನಿಗೆ ಸಮಾಧಾನವಾಗದೆ ಅದನ್ನೆಲ್ಲ ಬದಿಗಿಟ್ಟರು. ಕೊನೆಗೆ ಕೈಹಿಡಿದದ್ದು ಎಲೆಕ್ಟ್ರಿಕ್ ಬೇಸ್‌ನ ಜಾಕೊ ಪಾಸ್ಟೋರಿಯಸ್, ಸ್ಯಾಕ್ಸೊಫೋನಿನ ವೇಯ್ನ್ ಶಾರ್ಟರ್, ಎಲೆಕ್ಟ್ರಿಕ್ ಪಿಯಾನೊದ ಹರ್ಬಿ ಹ್ಯಾನ್‌ಕಾಕ್, ಡ್ರಮ್ಸ್‌ನ ಪೀಟರ್ ಅರ್ಸ್ಕಿನ್.

ಇಲ್ಲೊಂದು ಪೇಚಿತ್ತು. ಮಿಂಗಸ್ ಮೆಚ್ಚುತ್ತಿದ್ದುದು ಮರದ ವಾದ್ಯಗಳ ಸಹಜ ನಾದವನ್ನು, ವಿದ್ಯುತ್ತಿನ ಸದ್ದನ್ನಲ್ಲ. ಅವರದೇ ವಾದ್ಯವಾದ ಬೇಸ್‌ನ ಜಾಗದಲ್ಲಿ ಈಗ ವಿದ್ಯುತ್ ಬೇಸ್! ಗುರುವಿನ ಮಾತು ಪಾಲಿಸುವುದು ಎಂದರೆ ಅವನ ಶೈಲಿಯನ್ನು ಅನುಕರಿಸುವುದೇ, ಅಥವಾ ಅವನಂತೆಯೇ ತನ್ನ ಮನೋಧರ್ಮಕ್ಕೆ ನಿಷ್ಠನಾಗಿರುವುದೇ? ಜೋನಿ ಎರಡನೆಯದನ್ನು ಆರಿಸಿಕೊಂಡರು. ಕೊಟ್ಟ ಆರರಲ್ಲಿ ಮೂರು ಮಟ್ಟುಗಳನ್ನಷ್ಟೇ ಬಳಸಿದರು. ಎರಡು ಹಾಡು ಸಂಪೂರ್ಣ ತಮ್ಮವೇ. ಅದರಲ್ಲೊಂದರಲ್ಲಿ ನಿಜವಾದ ತೋಳಗಳ ಊಳು ಕೇಳಿಸುತ್ತದೆ.

ಅತ್ತ ಮಿಂಗಸ್ ನಾಟಿ ಚಿಕಿತ್ಸೆ ಅರಸಿ ಮೆಕ್ಸಿಕೊದ ಕ್ವೆರ್ನವಾಕಾ ಪಟ್ಟಣ ಸೇರಿದ್ದರು. ಜೋನಿ ಅಲ್ಲಿಗೂ ಹೋಗಿ ಬಂದರು. 1979ರ ಜನವರಿ 5ರಂದು, 56ನೆಯ ವಯಸ್ಸಿನಲ್ಲಿ, ಮಿಂಗಸ್ ಅಲ್ಲೇ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಪತ್ನಿ ಸೂ ಚಿತಾಭಸ್ಮವನ್ನು ಭಾರತಕ್ಕೆ ತಂದು ಗಂಗೆಯಲ್ಲಿ ಬಿಟ್ಟರು. ಆಲ್ಬಂನ ಹಾಡುಗಳಲ್ಲಿ ಒಂದನ್ನುಳಿದು ಎಲ್ಲವನ್ನೂ ಅವರು ಕೇಳಿದ್ದರು. ಕೇಳದೆ ಹೋದ ಆ ಒಂದು ಹಾಡು ಅವರ ಆತ್ಮಕಥೆಯ ಮೊದಲ ಪುಟಗಳಿಂದ ಹುಟ್ಟಿದ್ದು. ಜೋನಿಗೆ ಅದು ಒಲಿದದ್ದು ಸಾವಿನ ಎರಡು ದಿನಗಳ ನಂತರ.

‘ಮಿಂಗಸ್’ ಹೆಸರಿನ ಆಲ್ಬಂ 1979ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಹೊದಿಕೆಯ ಚಿತ್ರಗಳನ್ನು ಬರೆದವರೂ ಜೋನಿಯೇ. ವಿಮರ್ಶಕರಲ್ಲಿ ಒಮ್ಮತವಿರಲಿಲ್ಲ. ಜಾಸ್ ಪಂಡಿತರಿಗೆ ಈಕೆ ಹೊರಗಿನವಳು. ಹಳೆಯ ಅಭಿಮಾನಿಗಳಿಗೆ ಕೈತಪ್ಪಿ ಹೋದವಳು. ಮಾರಾಟ ಹಿಂದಿನ ಆಲ್ಬಂಗಳಷ್ಟು ಆಗಲಿಲ್ಲ, ರೇಡಿಯೊದವರು ದೂರವಾದರು. ಆದರೂ ಜೋನಿ ಇದಕ್ಕಾಗಿ ಪಶ್ಚಾತ್ತಾಪಪಡಲಿಲ್ಲ.

ಕಾಲ ತನ್ನ ಲೆಕ್ಕ ಬೇರೆಯೇ ಇಡುತ್ತದೆ. ಜೋನಿ ಹಾಡುಗಳನ್ನು ಆಧರಿಸಿ ಹರ್ಬಿ ಹ್ಯಾನ್‌ಕಾಕ್ 2007ರಲ್ಲಿ ಹೊರತಂದ ಆಲ್ಬಂ, ಮರುವರ್ಷ ಗ್ರ್ಯಾಮಿಯ ವರ್ಷದ ಆಲ್ಬಂ ಪ್ರಶಸ್ತಿ ಗೆದ್ದಿತು. 2015ರಲ್ಲಿ ಮಿದುಳಿನ ರಕ್ತನಾಳದ ತೊಂದರೆಯಿಂದ ಹಾಸಿಗೆ ಹಿಡಿದ ಜೋನಿ, ನಡಿಗೆ, ಮಾತು, ಗಿಟಾರ್ ಎಲ್ಲವನ್ನೂ ಮತ್ತೆ ಕಲಿತು, 2022ರಲ್ಲಿ ನ್ಯೂಪೋರ್ಟ್ ಉತ್ಸವದ ವೇದಿಕೆಗೆ ಮರಳಿದರು. ಅಂದು ಬದಿಗಿಟ್ಟಿದ್ದ ‘ಮಿಂಗಸ್’ ಪ್ರಯೋಗಗಳಲ್ಲಿ ಕೆಲವು 2024ರಲ್ಲಿ ಹೊರಬಂದವು.

ಆಲ್ಬಂ ಹಾಕಿದರೆ ಮೊದಲು ಕೇಳುವುದು ಜೋನಿ ದನಿಯಲ್ಲ. 1975ರಲ್ಲಿ ಮನೆಯಲ್ಲಿ ಹಿಡಿದಿಟ್ಟ ಟೇಪಿನ ತುಣುಕು: ಗೆಳೆಯರೆಲ್ಲ ಸೇರಿ ಮಿಂಗಸ್‌ಗೆ ಹುಟ್ಟುಹಬ್ಬದ ಹಾಡು ಹಾಡುತ್ತಾರೆ, ವಯಸ್ಸೆಷ್ಟೆಂದು ಜಗಳವಾಡುತ್ತಾರೆ. ಸತ್ತವರಿಗೆ ಅರ್ಪಿಸಿದ ಈ ಆಲ್ಬಂ ಶುರುವಾಗುವುದು ಹುಟ್ಟಿದ ದಿನದ ಗಲಾಟೆಯಿಂದ.